ತಾನನಾ ತನ ನಾನನಾ... ಯಾರದ್ದು?

ಮೊನ್ನೆ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದಾಗ ಪಕ್ಕದವರ ಫೋನ್ ರಿಂಗಾಯಿತು. ತಾನನಾ ತನ ನಾನನಾ ನಾ... ಉಪ್ಪಿನಕಾಯಿ ಬಡಿಸುತ್ತಿದ್ದ ಹುಡುಗನೂ ಜೊತೆಗೇ ಗುನುಗಿದ. 1986ರಲ್ಲಿ ದೂರದರ್ಶನದಲ್ಲಿ ‘ಮಾಲ್ಗುಡಿ ಡೇಸ್’ ಬಂದಾಗ ಅವನ ಅಪ್ಪನೇ ಚಡ್ಡಿ ಹಾಕ್ತಿದ್ದಿರಬೇಕು.

“ನಮ್ಮ ಶಂಕ್ರಣ್ಣನ ಮ್ಯೂಸಿಕ್ಕು” ಅಂದರು ಪಕ್ಕದವರು. ಶಂಕರ್ ನಾಗ್ ನಿರ್ದೇಶಕರು, ಮ್ಯೂಸಿಕ್ ಯಾರದ್ದು ಅಂದೆ. ಒಬ್ಬರು ಹಂಸಲೇಖ ಅಂದರು, ಇನ್ನೊಬ್ಬರು ಇಳಯರಾಜಾ. ಅಷ್ಟರಲ್ಲಿ ಹೋಳಿಗೆ ಬಂತು, ಮಾತು ನಿಂತಿತು.

ಎಲ್. ವೈದ್ಯನಾಥನ್ ಸ್ವಾಮೀ! ಪಿಟೀಲಿನ ಮನೆತನ. ತಮ್ಮಂದಿರಾದ ಎಲ್. ಸುಬ್ರಮಣ್ಯಂ, ಎಲ್. ಶಂಕರ್ ಪಿಟೀಲು ಹಿಡಿದು ದೇಶ ವಿದೇಶ ಸುತ್ತಿದರು. ಅಣ್ಣ ಮಾತ್ರ ಸಿನಿಮಾದ ಕಡೆ ಹೊರಳಿ ನಮ್ಮ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾದರು. (ಇಳಯರಾಜಾ ಕೂಡ ಅದೇ ಗರಡಿಯಲ್ಲಿ ಪಳಗಿದವರು. ಹಾಗಾಗಿ ಆ ಉತ್ತರಕ್ಕೆ ಅರ್ಧ ಮಾರ್ಕು ಕೊಡಬಹುದು.) 1978ರ ‘ಅಪರಿಚಿತ’ದಲ್ಲಿ ವಾಣಿ ಜಯರಾಂ ಹಾಡಿದ ‘ಸವಿ ನೆನಪುಗಳು ಬೇಕು’ ಇವರದ್ದೇ. ಅದನ್ನೂ ಹಾಡುತ್ತೇವೆ, ಹೆಸರು ಮಾತ್ರ ಬಾಯಿಗೆ ಬರಲ್ಲ.

ನಮ್ಮ ಲೆಕ್ಕವೇ ಹಾಗೆ. ಸಂಗೀತ ನಿರ್ದೇಶಕ ಅಂದರೆ ಎಷ್ಟು ಹಿಟ್ ಹಾಡು ಕೊಟ್ಟ ಅಂತ ಎಣಿಸುತ್ತೇವೆ. ಹಿನ್ನೆಲೆ ಸಂಗೀತ ಆ ಲೆಕ್ಕಕ್ಕೆ ಬರೋದೇ ಇಲ್ಲ. ಹಾಗಾದರೆ 1987ರ ‘ಪುಷ್ಪಕ ವಿಮಾನ’ವನ್ನು ಏನು ಮಾಡೋಣ? ಮಾತೇ ಇಲ್ಲದ ಸಿನಿಮಾ. ಬೆಂಗಳೂರಲ್ಲೇ ತೆಗೆದದ್ದು. ಅದಕ್ಕೂ ಸಂಗೀತ ಇವರದ್ದೇ.

ಅದರಲ್ಲಿ ಕಮಲ್ ಹಾಸನ್‌ಗೆ ದೊಡ್ಡ ಹೋಟೆಲಿನ ಮೆತ್ತನೆ ಹಾಸಿಗೆ ಸಿಕ್ಕರೂ ನಿದ್ದೆ ಬರಲ್ಲ, ನೆನಪಿದೆಯಾ? ಹಳೇ ರೂಮಿನ ಪಕ್ಕದ ಥಿಯೇಟರಿನಿಂದ ಬರುವ ಫೈಟಿಂಗ್ ಸದ್ದು ಕೇಳಿ ಮಲಗಿ ಅಭ್ಯಾಸ. ಕೊನೆಗೆ ಆ ಗಲಾಟೆಯನ್ನೇ ಟೇಪ್ ಮಾಡಿ ತಂದು, ಹಾಕಿಕೊಂಡು ಮಲಗುತ್ತಾನೆ. ಸದ್ದೇ ಕಥೆ ಹೇಳುವ ಇಂಥ ಕಡೆ ಪಿಟೀಲು, ತಬಲಾ ಎಲ್ಲಾ ತಂದು ಸುರಿದರೆ ಕೆಟ್ಟಿತು. ಎಲ್ಲಿ ಕೈ ಕಟ್ಟಿ ಕೂರಬೇಕು ಅಂತ ಗೊತ್ತಿರಬೇಕು. ನನ್ನ ಪ್ರಕಾರ ಹತ್ತು ಹಿಟ್ ಹಾಡಿಗಿಂತ ಇದು ಕಷ್ಟ. ಈಗಿನ ಸೀರಿಯಲ್‌ಗಳಲ್ಲಿ ಅತ್ತೆ ತಿರುಗಿ ನೋಡಿದರೂ ಮೂರು ಸಲ ಢಣ್ ಅನ್ನುತ್ತೆ!

ವೈದ್ಯನಾಥನ್ 2007ರಲ್ಲಿ ತೀರಿಕೊಂಡರು. ಮಾಲ್ಗುಡಿಗಾಗಿ ಶೂಟಿಂಗ್ ನಡೆದ ಅರಸಾಳು ಸ್ಟೇಷನ್ನಿನಲ್ಲಿ ಈಗ ಮ್ಯೂಸಿಯಂ ಇದೆ. ಜನ ಅಲ್ಲಿ ರೀಲ್ಸ್ ಮಾಡುತ್ತಾರೆ, ಹಿಂದೆ ಯಾವ ಟ್ಯೂನ್ ಇರುತ್ತೆ ಅಂತ ಹೇಳಬೇಕಾಗಿಲ್ಲ.

ಮದುವೆಯಿಂದ ಬಂದವನು ರಾತ್ರಿ ಟಿವಿಯಲ್ಲಿ ಒಂದು ಕಂತು ಹಾಕಿದೆ. ಆರ್.ಕೆ. ಲಕ್ಷ್ಮಣ್ ಚಿತ್ರಗಳು ಒಂದೊಂದಾಗಿ ಬಂದವು. ವೈದ್ಯನಾಥನ್ ಹೆಸರು ಬಂದ ತಕ್ಷಣ ಪಾಸ್ ಬಟನ್ ಒತ್ತಿ ನಿಲ್ಲಿಸಿದೆ.

“ಏನಪ್ಪಾ, ನೆಟ್ ಹೋಯ್ತಾ?” ಅಂದಳು ಮಗಳು.