ಒಲೆ ಆರಿಸಿ, ಎಲೆ ಮುಂದೆ ಕೂರೋಣ

ನಾನು ಚಿಕ್ಕವಳಿದ್ದಾಗ ನಮ್ಮವ್ವ ಯುಗಾದಿ ದಿನ ಬಿಸಿ ಹೋಳಿಗೆ ತಿಂದಿದ್ದನ್ನು ನೋಡಿಯೇ ಇಲ್ಲ. ಮದ್ದೂರಿನ ಹತ್ತಿರದ ನಮ್ಮೂರಲ್ಲಿ ಮೊದಲು ಅಪ್ಪ, ದೊಡ್ಡಪ್ಪ, ಬಂದ ನೆಂಟರು ಕೂರುತ್ತಿದ್ದರು. ಆಮೇಲೆ ನಾವು ಮಕ್ಕಳು. ಅವ್ವ ತಟ್ಟಿ ಕೊಡುತ್ತಿದ್ದರು, ದೊಡ್ಡವ್ವ ಬೇಯಿಸುತ್ತಿದ್ದರು. ಅವರಿಬ್ಬರೂ ಕೂರುವ ಹೊತ್ತಿಗೆ ಸಂಜೆ 4 ಗಂಟೆ. ಅಷ್ಟು ಹೊತ್ತು ಹೊಗೆ, ಬೆಲ್ಲದ ವಾಸನೆಯಲ್ಲೇ ಇದ್ದವರಿಗೆ ಹೋಳಿಗೆ ಬಾಯಿಗೆ ಸೇರುತ್ತಿರಲಿಲ್ಲ. ಒಂದಿಷ್ಟು ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ತಿಂದು, ಪಾತ್ರೆ ಬೆಳಗೋಕೆ ಏಳುತ್ತಿದ್ದರು.

ಬೆಂಗಳೂರಿಗೆ ಬಂದ ಮೇಲೆ ನಾನೂ ಅದನ್ನೇ ಮಾಡಿದೆ. ಹೋಳಿಗೆ, ಪಾಯಸ, ಎರಡು ಪಲ್ಯ, ಎರಡು ಕೋಸಂಬರಿ, ಪುಳಿಯೋಗರೆ, ವಡೆ, ಬೋಂಡ, ಹೀಗೆ 14 ಬಗೆ. ಒಂದು ಕಡಿಮೆಯಾದರೂ ನೆಂಟರಿಗೆ ಅವಮಾನ ಅನ್ನೋ ಭಯ. ಒಂದು ವರ್ಷ ನಮ್ಮ ಸೋದರತ್ತೆ ಬಂದಿದ್ದರು. ರಾತ್ರಿ ಬಸ್ಸಿಗೆ ಹೊರಟಾಗ ನನ್ನ ಕೈ ಹಿಡಿದುಕೊಂಡು, "ಊಟ ಚೆನ್ನಾಗಿತ್ತು ಕಣವ್ವ. ನಿನ್ ಜೊತೆ ಕೂತು ಒಂದು ಮಾತೂ ಆಡ್ಲಿಲ್ಲವಲ್ಲ" ಅಂದರು. ಮುಂದಿನ ಯುಗಾದಿಗೆ ಅವರು ಇರಲಿಲ್ಲ. ಆ ದಿನ ಕರಿದ ಬೋಂಡದ ರುಚಿ ಯಾರಿಗೂ ನೆನಪಿಲ್ಲ. ಆಡದೆ ಉಳಿದ ಮಾತು ಮಾತ್ರ ನನಗೆ ಇವತ್ತಿಗೂ ಚುಚ್ಚುತ್ತದೆ.

ಆಗಿನಿಂದ ನನ್ನದೊಂದೇ ಹಟ. ಅಡುಗೆ ಮಾಡಿದವರೂ ಮೊದಲ ಪಂಕ್ತಿಯಲ್ಲೇ ಕೂರಬೇಕು. ಅದಕ್ಕೆ ಏನೇನು ಬಿಡಬೇಕೋ ಬಿಡೋಣ, ಏನೇನು ಬದಲಾಯಿಸಬೇಕೋ ಬದಲಾಯಿಸೋಣ.

ಹಾಗೆ ಬದಲಾಯಿಸಿದ್ದು 2025ರ ಯುಗಾದಿಗೆ. ಮಾರ್ಚ್ 30, ಭಾನುವಾರ. ಮರುದಿನ ರಂಜಾನ್ ರಜೆ. ಹಾಗಾಗಿ ಎಲ್ಲರೂ ಬಂದರು, ಒಟ್ಟು 22 ಜನ. ಮಾಡಿದ್ದು ಇಷ್ಟೇ: ಹೋಳಿಗೆ, ಒಬ್ಬಟ್ಟಿನ ಸಾರು, ಅನ್ನ, ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಹಪ್ಪಳ, ಮಜ್ಜಿಗೆ. ಇದರಲ್ಲಿ ಮುಕ್ಕಾಲು ಕೆಲಸ ಶನಿವಾರ ರಾತ್ರಿಯೇ ಮುಗಿದಿತ್ತು.

ನಮ್ಮ ಕಡೆ ಹೂರಣಕ್ಕೆ ತೊಗರಿಬೇಳೆ. ಒಂದೂವರೆ ಕೆ.ಜಿ. ಬೇಳೆ, ಹೆಚ್ಚುಕಮ್ಮಿ ಅಷ್ಟೇ ಬೆಲ್ಲ. ಬೇಳೆ ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಕರಗಬಾರದು. ಆಗ ಕಟ್ಟು, ಅಂದರೆ ಬೇಳೆ ಬೆಂದ ನೀರು, ಬಸಿದುಕೊಂಡು ಫ್ರಿಜ್‌ಗೆ ಇಡಬೇಕು. ಮಾರ್ಚ್ ತಿಂಗಳ ಸೆಕೆಯಲ್ಲಿ ಹೊರಗಿಟ್ಟರೆ ಬೆಳಿಗ್ಗೆಗೆ ಹಳಸುತ್ತದೆ. ಹೂರಣವನ್ನು ನೀರು ಆರುವವರೆಗೂ ಬಾಡಿಸಿ, ರುಬ್ಬಿ, ಉಂಡೆ ಕಟ್ಟಿ ಅದನ್ನೂ ಫ್ರಿಜ್‌ಗೆ ಇಟ್ಟೆ. ಚಿತ್ರಾನ್ನದ ಗೊಜ್ಜು ರಾತ್ರಿಯೇ ಆಯಿತು. ಕೋಸಂಬರಿಗೆ ಬೇಳೆ ನೆನೆಹಾಕಿದ್ದು ಬೆಳಿಗ್ಗೆ. ಅದಕ್ಕೆ ಉಪ್ಪು ಬಿದ್ದಿದ್ದು ಎಲೆ ಹಾಕುವಾಗ. ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ.

ಬೆಳಿಗ್ಗೆ ಬೇವು-ಬೆಲ್ಲ ಹಂಚಿದ ಮೇಲೆ ಕಣಕ ಕಲಸಿ, ಚೆನ್ನಾಗಿ ಎಣ್ಣೆ ಹಾಕಿ ನೆನೆಯಲು ಬಿಟ್ಟೆ. ಎರಡು ಗಂಟೆ ನೆಂದರೆ ತಟ್ಟುವಾಗ ಹರಿಯುವುದಿಲ್ಲ. ಬಸಿದಿಟ್ಟ ಕಟ್ಟಿಗೆ ಒಂದು ಹಿಡಿ ಹೂರಣ, ಹುಣಸೆಹುಳಿ, ಸಾರಿನ ಪುಡಿ, ರುಬ್ಬಿದ ಕಾಯಿ ಹಾಕಿ ಕುದಿಸಿದರೆ ಸಾರು ಆಯಿತು. ಈ ಸಾರಿಗೆ ಅವಸರವೇ ಇಲ್ಲ. ಇಟ್ಟಷ್ಟೂ ರುಚಿ. ಮರುದಿನದ ಒಬ್ಬಟ್ಟಿನ ಸಾರಿಗೆ ಜಗಳ ಆಡಿದ ಮನೆಗಳು ನಮ್ಮ ಕಡೆ ಎಷ್ಟಿಲ್ಲ, ಅಲ್ವಾ?

ಹೋಳಿಗೆ ಬಿಸಿಬಿಸಿಯಾಗಿ ಕಾವಲಿಯಿಂದ ಎಲೆಗೇ ಬೀಳಬೇಕು ಅನ್ನುವವರು ಇದ್ದಾರೆ. ಆ ರುಚಿ ನನಗೂ ಗೊತ್ತು. ಆದರೆ ಆ ರುಚಿಗೋಸ್ಕರ ಒಬ್ಬಳು ಮೂರು ಗಂಟೆ ಕಾವಲಿ ಮುಂದೆ ನಿಲ್ಲಬೇಕು. ನಾನು, ಅತ್ತಿಗೆ ಹನ್ನೊಂದು ಗಂಟೆಗೆ ಶುರು ಮಾಡಿ 60ಕ್ಕೂ ಮೇಲೆ ಹೋಳಿಗೆ ಬೇಯಿಸಿ, ಬಟ್ಟೆ ಹಾಸಿದ ಬುಟ್ಟಿಯಲ್ಲಿ ಮುಚ್ಚಿಟ್ಟೆವು. ಮೇಲೆ ತುಪ್ಪ ಬಿದ್ದರೆ ಬೆಚ್ಚಗಿನ ಹೋಳಿಗೆ ಯಾರಿಗೂ ಕಡಿಮೆ ಅನಿಸಲಿಲ್ಲ. ಕೈಲಾಗದಿದ್ದರೆ ಹೋಳಿಗೆ ಅಂಗಡಿಯಿಂದ ತನ್ನಿ. ಅದರಲ್ಲಿ ಒಂದಿಷ್ಟೂ ತಪ್ಪಿಲ್ಲ.

ಇನ್ನು ಬಡಿಸುವ ಮಾತು. ಊರಲ್ಲಿ ದೇವರ ಕಾರ್ಯ, ಮದುವೆ ಅಂದರೆ ಬಕೆಟ್ ಹಿಡಿದು ಸಾಲಿನಲ್ಲಿ ಓಡಾಡುವವರು ಗಂಡಸರೇ. ಯುಗಾದಿ ಮರುದಿನದ ಹೊಸತೊಡಕಿಗೆ ಬಾಡು ತರುವುದು, ಕೊಯ್ಯುವುದು, ಎಷ್ಟೋ ಮನೆಯಲ್ಲಿ ಬೇಯಿಸುವುದೂ ಅವರೇ. ಮನೆಯೊಳಗೆ ಯುಗಾದಿ ದಿನ ಮಾತ್ರ ಯಾಕೆ ಕೂತಲ್ಲಿಂದಲೇ "ಇನ್ನೊಂದು ಹಪ್ಪಳ" ಅನ್ನಬೇಕು? ಭಾವನಿಗೆ ನೇರವಾಗಿ ಹೇಳಿದೆ: "ಭಾವ, ಎಲೆ ಹಾಕೋದು, ಬಡಿಸೋದು ನಿಮ್ದು." ಅವರು ಖುಷಿಯಿಂದಲೇ ಎದ್ದರು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ ಅಷ್ಟೇ.

ಹಾಲ್‌ನಲ್ಲಿ ಜಮಖಾನ ಹಾಸಿ ಎದುರುಬದುರು ಎರಡು ಸಾಲು ಮಾಡಿದೆವು. ನಡುವೆ ಪಾತ್ರೆಗಳನ್ನು ಇಟ್ಟೆವು. ಭಾವ ಮಕ್ಕಳಿಗೆ ಎಲೆಯ ತುದಿ ಎಡಕ್ಕೆ ಬರಬೇಕು, ಉಪ್ಪು ಮೂಲೆಗೆ ಅಂತ ಹೇಳಿಕೊಟ್ಟು ಅವರ ಕೈಯಲ್ಲೇ ಬಡಿಸಿದರು. ಒಂದು ಸುತ್ತು ಮುಗಿದ ಮೇಲೆ ಅವರೂ ಕೂತರು. ಬೇಕಾದವರು ಕೈ ಚಾಚಿ ಹಾಕಿಕೊಂಡರು. ಗ್ಯಾಸ್ ಆರಿಸಿ ನಾನು ಅವ್ವನ ಪಕ್ಕ ಕೂತೆ.

ಅವ್ವ ಮೊದಲು ಒಪ್ಪಲಿಲ್ಲ. "ನೀವೆಲ್ಲ ಉಣ್ಣಿ, ನಂದು ಆಮೇಲೆ" ಅಂತ ಗೋಡೆ ಹಿಡಿದು ನಿಂತೇ ಇದ್ದರು. ನನ್ನ ಮಗಳು ಕೈ ಎಳೆದು ಕೂರಿಸಿದಳು. ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ತಿಂದವರು, ಸುಮ್ನೆ ಸ್ವಲ್ಪ ಹೊತ್ತು ಎಲೆಯನ್ನೇ ನೋಡುತ್ತಿದ್ದರು. ಆಮೇಲೆ ತಮ್ಮ ತವರಿನ ಯುಗಾದಿ, ತಮ್ಮ ಅಜ್ಜಿ ಒರಳಲ್ಲಿ ಹೂರಣ ರುಬ್ಬುತ್ತಿದ್ದ ಕಥೆ ಹೇಳೋಕೆ ಶುರು ಮಾಡಿದರು. ನಮ್ಮಲ್ಲಿ ಯಾರೂ ಅದನ್ನು ಅದುವರೆಗೆ ಕೇಳಿರಲಿಲ್ಲ. ಕೈ ಒಣಗಿದರೂ ಯಾರೂ ಏಳಲಿಲ್ಲ.

ಸಂಜೆ ಚಂದ್ರನ್ನ ನೋಡೋಕೆ ಎಲ್ಲರೂ ಮಹಡಿ ಹತ್ತಿದೆವು. ಹಿಂದಿನ ವರ್ಷಗಳಲ್ಲಿ ಆ ಹೊತ್ತಿಗೆ ನಾನು ಸಿಂಕ್ ಮುಂದೆ ಇರುತ್ತಿದ್ದೆ. ಪಕ್ಕದ ಮಹಡಿಯಲ್ಲಿ ನಮ್ಮ ನೆರೆಯವರೂ ರಂಜಾನ್ ಚಂದ್ರನಿಗೆ ಕಾಯುತ್ತಿದ್ದರು. ಎಳೆಯಷ್ಟು ತೆಳ್ಳಗೆ ಅದು ಮೊದಲು ಕಂಡಿದ್ದು ಅವ್ವನಿಗೆ. ಮಕ್ಕಳು ಸಾಲಾಗಿ ಬಂದು ಅವರ ಕಾಲಿಗೆ ಬಿದ್ದರು. ನಾನೂ ಬಿದ್ದೆ.