ಮೇಜಿನ ಮೇಲೆ ಬಿಟ್‌ಕಾಯಿನ್, ಜೇಬಿನಲ್ಲಿ ಸರ್ಕಾರ

ಅಕ್ಕನ ಮಗ ಬಿಟ್‌ಕಾಯಿನ್ ರೇಟು ತೋರಿಸುವ ಯಂತ್ರವೊಂದನ್ನು ಮನೆಯಲ್ಲೇ ಕಟ್ಟಿದ್ದಾನೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಒಂದು ಇಎಸ್‌ಪಿ32 ಬೋರ್ಡು (ವೈಫೈ ಇರುವ ಪುಟಾಣಿ ಕಂಪ್ಯೂಟರು ಅನ್ನಿ), ಎರಡು ಸಾಲಿನ ಎಲ್‌ಸಿಡಿ ಪರದೆ, ಒಂದು ಹಿಡಿ ಜಂಪರ್ ವೈರು ತಂದ. ಬೋರ್ಡು ಮನೆಯ ವೈಫೈ ಹಿಡಿದು ನಿಮಿಷಕ್ಕೊಮ್ಮೆ ಇಂಟರ್‌ನೆಟ್ಟಿನಲ್ಲಿ ರೇಟು ವಿಚಾರಿಸುತ್ತದೆ, ಬಂದದ್ದನ್ನು ಎಲ್‌ಸಿಡಿಗೆ ದಾಟಿಸುತ್ತದೆ. ಅವನ ಹತ್ತಿರ ಇರುವುದು ಐನೂರು ರೂಪಾಯಿಯ ಬಿಟ್‌ಕಾಯಿನ್. ಕಾವಲಿನ ಖರ್ಚು ಅದಕ್ಕಿಂತ ಜಾಸ್ತಿ.

ಗೋಳು ಹುಯ್ದುಕೊಂಡಿದ್ದು ರೂಪಾಯಿ ಚಿಹ್ನೆ. ಈ ಎಲ್‌ಸಿಡಿಯ ಚಿಪ್ಪು ಎಂಬತ್ತರ ದಶಕದ್ದು. ನಮ್ಮ ₹ ಹುಟ್ಟಿದ್ದು 2010ರಲ್ಲಿ. ಚಿಪ್ಪಿಗೆ ಡಾಲರ್ ಗೊತ್ತು, ಜಪಾನಿನ ಯೆನ್ ಗೊತ್ತು, ರೂಪಾಯಿ ಗೊತ್ತಿಲ್ಲ. ಒಂದು ಅಕ್ಷರಕ್ಕೆ ಸಿಗುವುದು ಅಡ್ಡಕ್ಕೆ ಐದು, ಉದ್ದಕ್ಕೆ ಎಂಟು ಚುಕ್ಕಿ. ಅಷ್ಟರಲ್ಲಿ ನಾವೇ ಬಿಡಿಸಬೇಕು. ಹುಡುಗ ಚೌಕಳಿ ಹಾಳೆ ಮುಂದಿಟ್ಟುಕೊಂಡು ರಂಗೋಲಿ ಹಾಕುವವರ ಹಾಗೆ ಕೂತ. ಮೇಲಿನ ಎರಡು ಗೆರೆ ಬಂದವು, ಹೊಟ್ಟೆ ಬಂತು, ಕಾಲು ಇಡಲು ಜಾಗವೇ ಉಳಿಯಲಿಲ್ಲ. ಹೊಟ್ಟೆ ಕರಗಿಸಿ ಕಾಲು ಇಟ್ಟ. ಈಗಿನ ರೂಪಾಯಿಗೆ ಅದೇ ಸರಿ ಬಿಡಿ.

ಯಂತ್ರ ಚೆನ್ನಾಗಿದೆ. ಆದರೆ ಅರ್ಧ ಸತ್ಯ ಹೇಳುತ್ತದೆ. ರೇಟು ತೋರಿಸುತ್ತದೆ, ನಮ್ಮ ಕೈಗೆ ಉಳಿಯುವುದನ್ನು ತೋರಿಸುವುದಿಲ್ಲ. 2022ರ ಏಪ್ರಿಲ್‌ನಿಂದ ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ನಾಣ್ಯಗಳ ಲಾಭಕ್ಕೆ 30% ತೆರಿಗೆ. ನಷ್ಟವಾದರೆ? ಅದು ನಿಮ್ಮ ಸ್ವಂತ ವಿಚಾರ, ಸರ್ಕಾರ ಇನ್ನೊಬ್ಬರ ಮನೆ ವಿಷಯಕ್ಕೆ ತಲೆ ಹಾಕುವುದಿಲ್ಲ. ಒಬ್ಬರಿಗೆ ಬಿಟ್‌ಕಾಯಿನ್‌ನಲ್ಲಿ ಒಂದು ಲಕ್ಷ ಲಾಭ, ಅದೇ ವರ್ಷ ಈಥರ್ ಎಂಬ ಇನ್ನೊಂದು ಕ್ರಿಪ್ಟೋ ನಾಣ್ಯದಲ್ಲಿ ಒಂದು ಲಕ್ಷ ನಷ್ಟ ಅಂತಿಟ್ಟುಕೊಳ್ಳಿ. ಗಳಿಸಿದ್ದು ಸೊನ್ನೆ. ಆ ಸೊನ್ನೆಗೆ ತೆರಿಗೆ 30,000, ಅದರ ಮೇಲೆ 4% ಸೆಸ್, ಒಟ್ಟು 31,200 ರೂಪಾಯಿ. ಸೊನ್ನೆಯನ್ನು ಕಂಡುಹಿಡಿದ ದೇಶ, ಅದಕ್ಕೆ ತೆರಿಗೆ ಹಾಕದೆ ಬಿಡುತ್ತದೆಯೇ?

ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ. ಕೊಂಡ ಬೆಲೆ ಒಂದು ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವ ಹಾಗಿಲ್ಲ. ಹುಡುಗನ ಎಸ್.ಪಿ. ರೋಡಿನ ಬಿಲ್ಲು ಅಲ್ಲಿಗೆ ನೀರುಪಾಲು. ಇಷ್ಟು ಸಾಲದು ಅಂತ, ಮಿತಿ ದಾಟಿದರೆ ಮಾರಿದಾಗಲೆಲ್ಲ 1% ಟಿಡಿಎಸ್. ನಷ್ಟಕ್ಕೆ ಮಾರಿದರೂ ಅಷ್ಟೇ.

ಹಾಗಾದರೆ ಇದು ಕಾನೂನು ಒಪ್ಪಿದ ವ್ಯವಹಾರವೇ? ಅಷ್ಟು ಸುಲಭಕ್ಕೆ ಹೇಳಿಬಿಡ್ತಾರಾ! 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು, ಈ ಕ್ರಿಪ್ಟೋದವರ ಸಹವಾಸ ಬೇಡ ಎಂದು ಬ್ಯಾಂಕುಗಳಿಗೆ ತಾಕೀತು ಮಾಡಿತು. ಅದೇ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಬಿಟ್‌ಕಾಯಿನ್ ಎಟಿಎಂ ಇಟ್ಟರು, ಪೊಲೀಸರು ಬಂದು ಹೊತ್ತುಕೊಂಡು ಹೋದರು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನೇ ರದ್ದು ಮಾಡಿತು. 2022ರ ಫೆಬ್ರವರಿಯಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ (ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು) ಸದನದಲ್ಲಿ ವಿವರಿಸಿದ್ದರ ತಾತ್ಪರ್ಯ ಇಷ್ಟು: ತೆರಿಗೆ ಹಾಕುವುದು ಸರ್ಕಾರದ ಹಕ್ಕು, ನಿಷೇಧ ಮಾಡುವುದೋ ಬಿಡುವುದೋ ಆಮೇಲಿನ ಮಾತು. ಸೊಸೆ ಅಂತ ಒಪ್ಪಿಲ್ಲ, ಸಂಬಳ ಮಾತ್ರ ತಿಂಗಳಿಗೆ ಸರಿಯಾಗಿ ಅತ್ತೆಯ ಕೈಗೆ ಬರಬೇಕು.

ಅದಕ್ಕೇ ಹುಡುಗನಿಗೆ ಒಂದು ಸಲಹೆ ಕೊಟ್ಟೆ. "ನಾಲ್ಕು ಸಾಲಿನ ಎಲ್‌ಸಿಡಿ ತಂದು ಹಾಕು ಕಣೋ. ಮೊದಲನೇ ಸಾಲಿನಲ್ಲಿ ರೇಟು, ಎರಡನೇದರಲ್ಲಿ ನಿನ್ನ ಲಾಭ, ಮೂರನೇದರಲ್ಲಿ ಸರ್ಕಾರದ ಪಾಲು. ನಾಲ್ಕನೇದರಲ್ಲಿ ಇದು ಸಕ್ರಮವೋ ಅಕ್ರಮವೋ ಅಂತ."

"ಮೂರು ಸಾಲು ಮಾಡ್ಬಹುದು ಮಾಮ. ನಾಲ್ಕನೇದಕ್ಕೆ ಯಾವ ಸರ್ವರ್ ಕೇಳ್ಲಿ?"

"ದಿಲ್ಲಿದು. ಉತ್ತರಕ್ಕೆ ಕಾಯುವ ಟೈಮ್‌ಔಟ್ ಸ್ವಲ್ಪ ಜಾಸ್ತಿ ಇಡು."