ಬಿದ್ದದ್ದು ಮಂಗಳೂರಿನಲ್ಲಿ, ದೂರು ಕಾಸರಗೋಡಿನಲ್ಲಿ

ಮಂಗಳೂರಿನ ಸೂಪರ್ ಮಾರ್ಕೆಟ್ಟಿನಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡ ಕಾಸರಗೋಡಿನವರು ದೂರು ಕೊಡಲು ಮಂಗಳೂರಿಗೇ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ದೂರುದಾರರು ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ದಾಖಲಿಸಬಹುದು. 1986ರ ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಮದುವೆ ಸೀರೆಯಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲದಕ್ಕೂ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಹೋಗುವ ನಮ್ಮಂಥವರಿಗೆ ಇದು ದೊಡ್ಡ ಬಲ. ಆದರೆ ಬಳಸುವವರು ಯಾರು?

ಗಡಿನಾಡಿನಲ್ಲಿದ್ದು ಎರಡೂ ಕಡೆಯ ರೀತಿ ನೋಡುತ್ತಾ ಬಂದವನು ನಾನು. ನನ್ನ ನೆರೆಕರೆಯ ಮಲಯಾಳಿಗಳು ಅಂಗಡಿಯಲ್ಲಿ ಪೆಟ್ಟಾದರೆ ಮೊದಲು ಹುಡುಕುವುದು ಬಿಳಿ ಹಾಳೆ. ದೂರು ಬರೆದು ಕೊಟ್ಟು, ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೆದೇ ಹೊರಡುತ್ತಾರೆ. ನಮ್ಮವರೋ, ಇಲ್ಲಿಯವರೂ ಅಷ್ಟೇ, ಪುತ್ತೂರು-ಮಂಗಳೂರಿನ ನೆಂಟರೂ ಅಷ್ಟೇ, "ಪರವಾಗಿಲ್ಲ ಬಿಡಿ" ಎಂದು ಬಟ್ಟೆ ಕೊಡವಿಕೊಂಡು ಎದ್ದು ಬರುತ್ತಾರೆ.

ಕಳೆದ ಮಳೆಗಾಲದಲ್ಲಿ ನನ್ನ ಚಿಕ್ಕಮ್ಮ ಮಾಡಿದ್ದೂ ಅದನ್ನೇ. ಅಂಗಡಿಯ ಬಾಗಿಲಲ್ಲಿ ಗಿರಾಕಿಗಳ ಕೊಡೆಯಿಂದ ಇಳಿದ ನೀರು, ಕೆಳಗೆ ನುಣುಪು ಟೈಲ್ಸ್, ಕಾಲೊರೆಸಲು ಒಂದು ಮ್ಯಾಟ್ ಕೂಡ ಇಲ್ಲ. ಬಿದ್ದ ರಭಸಕ್ಕೆ ಮಣಿಕಟ್ಟಿನ ಎಲುಬು ಬಿರಿಯಿತು. ಬಿಲ್ಲಿಂಗಿನ ಹುಡುಗಿ ಓಡಿ ಬಂದು ಕುರ್ಚಿ ಕೊಟ್ಟಳು, ನೀರು ಕುಡಿಸಿದಳು. ಮ್ಯಾನೇಜರ್ ಬಂದವರು, "ಅಮ್ಮಾ, ಮಳೆಗಾಲ ಅಲ್ವಾ, ನೋಡಿಕೊಂಡು ನಡೀಬೇಕು" ಎಂದರು. ಚಿಕ್ಕಮ್ಮ ತಪ್ಪು ತನ್ನದೇ ಎಂಬಂತೆ ತಲೆಯಾಡಿಸಿದರು. ಆ ಮಾತು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಕರಾವಳಿಯಲ್ಲಿ ಜೂನ್ ತಿಂಗಳಲ್ಲಿ ಮಳೆ ಸುರಿಯುತ್ತದೆಂದು ಅಂಗಡಿಯವರಿಗೆ ಗೊತ್ತಿಲ್ಲವೇ? ಗೊತ್ತಿದ್ದ ಅಪಾಯಕ್ಕೆ ತಕ್ಕ ಎಚ್ಚರ ವಹಿಸದಿರುವುದನ್ನೇ ಕಾನೂನು ನಿರ್ಲಕ್ಷ್ಯ ಎನ್ನುವುದು.

"ನಾವು ಜವಾಬ್ದಾರರಲ್ಲ" ಎಂದು ಗೋಡೆಗೆ ಬೋರ್ಡ್ ಹಾಕಿಕೊಂಡರೆ ಕೈ ತೊಳೆದುಕೊಳ್ಳಬಹುದೆಂದು ಕೆಲವರು ನಂಬಿದ್ದಾರೆ. ಹೋಟೆಲಿನ ಪಾರ್ಕಿಂಗಿನಿಂದ ಕಾರು ಕಳುವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ, ಪಾರ್ಕಿಂಗ್ ಚೀಟಿಯಲ್ಲಿ "ಕಾರಿನ ಮಾಲೀಕರದೇ ಹೊಣೆ" ಎಂದು ಅಚ್ಚು ಹಾಕಿದ ಮಾತ್ರಕ್ಕೆ ಹೋಟೆಲಿನವರು ತಮ್ಮ ನಿರ್ಲಕ್ಷ್ಯದ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದಿತು. ಒದ್ದೆ ನೆಲಕ್ಕೂ ಅದೇ ನ್ಯಾಯ ಸಲ್ಲಬೇಕು ಎಂಬುದು ನನ್ನ ವಾದ. ಗಿರಾಕಿ ಮೊಬೈಲ್ ನೋಡುತ್ತಾ ನಡೆದಿದ್ದರೆ ಪರಿಹಾರ ಕಡಿಮೆಯಾದೀತು, ಅದೂ ಸರಿಯೇ.

ಖರ್ಚಿಗೆ ಹೆದರುವವರು ಗಮನಿಸಬೇಕು: ಆಯೋಗದ ಶುಲ್ಕ ನಿಗದಿಯಾಗುವುದು ಕೊಂಡ ವಸ್ತುವಿಗೋ ಸೇವೆಗೋ ಕೊಟ್ಟ ಬೆಲೆಯ ಮೇಲೆ, ಕೇಳುವ ಪರಿಹಾರದ ಮೇಲಲ್ಲ. 5 ಲಕ್ಷ ರೂಪಾಯಿವರೆಗೆ ಶುಲ್ಕವೇ ಇಲ್ಲ. ವಕೀಲರಿಲ್ಲದೆ ತಾವೇ ವಾದಿಸಬಹುದು. ಗಡುವು 2 ವರ್ಷ. ಆದರೆ ಸಾಕ್ಷ್ಯ ಅಷ್ಟು ದಿನ ಕಾಯುವುದಿಲ್ಲ. ಸಿಸಿಟಿವಿ ದೃಶ್ಯದ ಮೇಲೆ ಕೆಲವೇ ವಾರಗಳಲ್ಲಿ ಹೊಸ ದೃಶ್ಯ ಕೂರುತ್ತದೆ. ಹಾಗಾಗಿ ಅದನ್ನು ಅಳಿಸದೆ ಇಡಿ ಎಂದು ಕೂಡಲೇ ಬರಹದಲ್ಲಿ ಕೇಳಬೇಕು. ಒದ್ದೆ ನೆಲದ ಫೋಟೊ ಬೇಕು. ಎಲ್ಲಿ, ಹೇಗೆ ಬಿದ್ದದ್ದೆಂದು ಆಸ್ಪತ್ರೆಯ ಚೀಟಿಯಲ್ಲಿ ಬರೆಸಬೇಕು. ಖರೀದಿಯ ಬಿಲ್ಲಂತೂ ಜೋಪಾನ. ಅದಿಲ್ಲದಿದ್ದರೆ "ಇವರು ನಮ್ಮ ಗಿರಾಕಿಯೇ ಅಲ್ಲ" ಎಂಬುದೇ ಎದುರು ಪಕ್ಷದ ಮೊದಲ ಮಾತಾಗುತ್ತದೆ.

ಇಲ್ಲಿನ ಕನ್ನಡಿಗರನ್ನು ಹಿಂದಕ್ಕೆಳೆಯುವುದು ಸಂಕೋಚ ಮಾತ್ರವಲ್ಲ, ಭಾಷೆಯೂ ಹೌದು. ಉಪ್ಪಳದಲ್ಲೋ ಬದಿಯಡ್ಕದಲ್ಲೋ ಬಿದ್ದರೆ ಮಲಯಾಳದಲ್ಲಿ ಬರೆಯುವುದು ಹೇಗೆಂದು ಹಿರಿಯರು ಸುಮ್ಮನಾಗುತ್ತಾರೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಪೆಂಡಾಲು ಹಾಕುವಷ್ಟೇ ಮುತುವರ್ಜಿಯಿಂದ ದೂರಿನ ಒಂದು ಮಾದರಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಲಿ, ಆಯೋಗಕ್ಕೆ ಸಲ್ಲಿಸುವಾಗ ಇಂಗ್ಲಿಷಿಗೋ ಮಲಯಾಳಕ್ಕೋ ತರ್ಜುಮೆ ಮಾಡಿಕೊಡಲು ಊರಿನ ಒಬ್ಬ ಕಿರಿಯ ವಕೀಲರನ್ನು ವಾರಕ್ಕೊಂದು ಸಂಜೆ ಕೂರಿಸಲಿ.